ಸ್ಕ್ಯಾನ್ ಚೀಟಿಯ ಮೇಲೆ ಒಂದು ಸಾಲು ಹೆಚ್ಚಿಗೆ ಬರೀರಿ

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಮತ್ತು ಹುಬ್ಬಳ್ಳಿ-ಧಾರವಾಡದಲ್ಲಿ ತೂಕ ಇಳಿಸುವ ಆಪರೇಷನ್ ಮಾಡುವ ಆಸ್ಪತ್ರೆಗಳ ಮುಖ್ಯಸ್ಥರಿಗೆ ಬಹಿರಂಗ ಪತ್ರ

ಮಾನ್ಯರೇ,

ನಾನು ಹುಬ್ಬಳ್ಳಿಯ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಸಿಟಿ ಟೆಕ್ನಿಷಿಯನ್. ಹುಟ್ಟೂರು ಗದಗ ಜಿಲ್ಲೆಯದು. ಈ ಕೆಲಸಕ್ಕೆ ಸೇರಿ 19 ವರ್ಷ, ಅದರಲ್ಲಿ ಹೆಚ್ಚುಪಾಲು ರಾತ್ರಿ ಪಾಳಿ. ಡಾಕ್ಟರ್ ಅಲ್ಲ, ರಿಪೋರ್ಟ್ ಬರೆಯುವ ಹಕ್ಕೂ ನನಗಿಲ್ಲ. ರೋಗಿಯನ್ನು ಟೇಬಲ್ ಮೇಲೆ ಮಲಗಿಸುವುದು, ಸೂಜಿ ಹಾಕುವುದು, ಗಾಜಿನ ಆಚೆ ಕೂತು “ಉಸಿರು ಹಿಡೀರಿ… ಬಿಡ್ರಿ” ಅನ್ನುವುದು ನನ್ನ ಕೆಲಸ. ಆದರೆ ರೋಗಿ ತಂದ ಚೀಟಿಯನ್ನು ಎಲ್ಲರಿಗಿಂತ ಮೊದಲು ಓದುವವಳು ನಾನೇ. ತೂಕ ಇಳಿಸುವ ಆಪರೇಷನ್ ಆದವರು ತರುವ ಚೀಟಿಗಳ ಬಗ್ಗೆ ನಿಮ್ಮ ಹತ್ತಿರ ಮಾತಾಡುವುದಿದೆ. ಯಾವ ಆಪರೇಷನ್, ಯಾವ ದಿನ ಆಯಿತು, ಈಗ ನಾಡಿ ಎಷ್ಟು ಎಂಬ ಒಂದು ಸಾಲು ಆ ಚೀಟಿಯಲ್ಲಿ ಹೆಚ್ಚಿಗೆ ಬೇಕು.

ಹೋದ ಮಳೆಗಾಲದ ಒಂದು ರಾತ್ರಿ, ಹನ್ನೊಂದು ದಾಟಿತ್ತು. ರೋಣದ ಕಡೆಯಿಂದ ಬಾಡಿಗೆ ಕಾರು ಮಾಡಿಕೊಂಡು ಗಂಡ ಹೆಂಡತಿ ಬಂದರು. (ಗುರುತು ಸಿಗಬಾರದೆಂದು ಊರು ಬದಲಿಸಿದ್ದೇನೆ.) ಚೀಟಿಯಲ್ಲಿ ಇದ್ದದ್ದು ಇಷ್ಟೇ: “ಹೊಟ್ಟೆನೋವು. ಸಿಟಿ ಪ್ಲೇನ್.” ಪ್ಲೇನ್ ಅಂದರೆ ಡೈ (ಒಳಗಿನದು ಚಿತ್ರದಲ್ಲಿ ಎದ್ದು ಕಾಣಲು ಕೊಡುವ ದ್ರವ) ಹಾಕದ ಸ್ಕ್ಯಾನ್, ರೊಕ್ಕ ಕಡಿಮೆ. ಹೆಣ್ಣುಮಗಳು ಎರಡು ಹೆಜ್ಜೆಗೆ ಒಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಟೇಬಲ್ ಮೇಲೆ ಮಲಗಿಸಿ ಸೆರಗು ಸರಿಸಿದಾಗ ಹೊಟ್ಟೆಯ ಮೇಲೆ ಐದು ಸಣ್ಣ ಗಾಯ ಕಂಡವು. ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ.

“ಏನ್ ಆಪರೇಷನ್ ಆಗೇತ್ರಿ ಅಕ್ಕಾ?”

ಅವರು ಗಂಡನ ಮುಖ ನೋಡಿದರು. “ಪಿತ್ತದ ಹರಳು ತಗದಾರ್ರಿ” ಅಂದರು ಗಂಡ.

ಸ್ಕ್ಯಾನ್ ಆಗುವಾಗ ಯಾರೂ ಒಳಗಿರುವಂತಿಲ್ಲ, ಹೊರಗೆ ಕೂಡ್ರಿ ಎಂದು ಅವರನ್ನು ಕಳಿಸಿ ಬಾಗಿಲು ಹಾಕಿದೆ. ಆಮೇಲೆ ಆ ಅಕ್ಕ ಮೆಲ್ಲಗೆ ಹೇಳಿದರು: “ತೂಕ ಇಳಿಸೂ ಆಪರೇಷನ್ ರೀ. ಒಂಬತ್ತ ದಿನ ಆತು. ನಮ್ಮ ಅತ್ತಿಯವರಿಗೂ ಗೊತ್ತಿಲ್ಲ. ಯಾರ ಮುಂದೂ ಹೇಳಬ್ಯಾಡ್ರಿ.”

ಊರಿನ ಡಾಕ್ಟರಿಗೂ ಅವರು ಪಿತ್ತದ ಹರಳು ಎಂದೇ ಹೇಳಿದ್ದರು. ಮೂರು ದಿನದಿಂದ ಎಡ ಭುಜದಲ್ಲಿ ನೋವು, ಮಲಗಿದರೆ ಉಬ್ಬಸ. ಡಾಕ್ಟರ್ ಗ್ಯಾಸಿನ ಇಂಜೆಕ್ಷನ್ ಮಾಡಿ ಒಂದು ಬಾಟ್ಲಿ ಏರಿಸಿದ್ದರು. ಅವರನ್ನು ದೂರಲಾರೆ, ಅವರಿಗೆ ಗೊತ್ತಿದ್ದದ್ದೇ ಅಷ್ಟು. ಜ್ವರ ಇರಲಿಲ್ಲ. ಹೊಟ್ಟೆ ಒತ್ತಿದರೆ ಮೆತ್ತಗಿತ್ತು. ನಾಡಿ ಮಾತ್ರ ನಿಮಿಷಕ್ಕೆ 132.

ಸ್ಕ್ಯಾನ್ ನೋಡಿ ರಿಪೋರ್ಟ್ ಬರೆಯುವ, ಆಗ ಮನೆಯಲ್ಲಿ ಮಲಗಿದ್ದ ರೇಡಿಯಾಲಜಿಸ್ಟ್ ಸರ್‌ಗೆ ಫೋನ್ ಹಚ್ಚಿದೆ. ಅವರು ಚೀಟಿ ಬರೆದ ಡಾಕ್ಟರ ಜೊತೆ ಮಾತಾಡಿ ಪ್ಲೇನ್ ರದ್ದು ಮಾಡಿಸಿ, ರಕ್ತನಾಳಕ್ಕೂ ಬಾಯಿಗೂ ಡೈ ಕೊಟ್ಟು ಸ್ಕ್ಯಾನ್ ಮಾಡು ಅಂದರು. ಚಿತ್ರ ಪರದೆಯ ಮೇಲೆ ಬರುತ್ತಿದ್ದಂತೆ ನನಗೇ ಗೊತ್ತಾಯಿತು. ಎಡಗಡೆ ವಪೆಯ (ಎದೆ, ಹೊಟ್ಟೆಗಳ ನಡುವಿನ ಪರದೆಯ) ಕೆಳಗೆ ಕೀವಿನ ಮಡು, ಅದರೊಳಗೆ ಗಾಳಿಯ ಗುಳ್ಳೆ, ಕುಡಿದ ಡೈ ಜಠರದಿಂದ ಸೋರಿ ಅಲ್ಲಿಗೆ ಹೋಗಿ ನಿಂತಿದೆ. ಎಡ ಪುಪ್ಪುಸದ ಬುಡದಲ್ಲಿ ನೀರು. ಆ ರಾತ್ರಿಯೇ ಆಪರೇಷನ್ ಮಾಡಿದ ಆಸ್ಪತ್ರೆಗೆ ಹೋದರು. ಕೀವು ಹೊರಗೆ ಬರಲು ನಳಿಕೆ ಹಾಕಿದರು, ಬಾಯಿಂದ ಊಟ ಬಂದ್ ಮಾಡಿ ಸಣ್ಣ ಕರುಳಿಗೇ ನಳಿಕೆಯಿಂದ ಆಹಾರ ಕೊಟ್ಟರು. ದಸರೆ ಆದ ಮೇಲೆ ಒಂದು ದಿನ ಶೇಂಗಾ ಹೋಳಿಗೆ ಕಟ್ಟಿಸಿಕೊಂಡು ಬಂದಿದ್ದರು. “ನನಗಂತೂ ಇನ್ನ ತಿನ್ನಾಕ ಬರೂದಿಲ್ಲ, ನೀವಽ ತಿನ್ರಿ” ಅಂದರು.

ನಾನು ಹೋಳಿಗೆ ತಿಂದೆ, ಆದರೆ ಗಂಟಲಲ್ಲಿ ಒಂದು ಪ್ರಶ್ನೆ ಉಳಿಯಿತು. ಅವತ್ತು ಚಾದರ ಹೊದಿಸಿಕೊಂಡೇ ಮಲಗಿದ್ದರೆ? ನಾನು ಗಾಯ ನೋಡದೇ ಪ್ಲೇನ್ ಸ್ಕ್ಯಾನ್ ತೆಗೆದು ಕಳಿಸಿದ್ದರೆ? ಒಬ್ಬರ ಜೀವ ಟೆಕ್ನಿಷಿಯನ್ನಳ ಕಣ್ಣಿಗೆ ಐದು ಹೊಲಿಗೆ ಬೀಳುವುದರ ಮೇಲೆ ನಿಲ್ಲಬಾರದು.

ಈ ಆಪರೇಷನ್ ಕೊಬ್ಬು ಕೊಯ್ದು ತೆಗೆಯುವುದು ಎಂದು ನಮ್ಮ ಕಡೆ ಬಹಳ ಮಂದಿ ತಿಳಿದಿದ್ದಾರೆ. ಅಲ್ಲ. ಹೆಚ್ಚಾಗಿ ಆಗುವ ಸ್ಲೀವ್ ಎಂಬುದರಲ್ಲಿ ಜಠರದ ಮುಕ್ಕಾಲು ಪಾಲಿನಷ್ಟನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಬಾಳೆಹಣ್ಣಿನಂಥ ಒಂದು ಕೊಳವೆಯನ್ನು ಮಾತ್ರ ಉಳಿಸುತ್ತಾರೆ. ಕತ್ತರಿಸಿದ ಅಂಚನ್ನು ಮುಚ್ಚುವುದು ಸಾಲಾಗಿ ಹೊಡೆದ ಸ್ಟೇಪಲ್ ಪಿನ್ನುಗಳು. ಒಳ್ಳೆಯ ಕೈಯಲ್ಲಿ ಇದು ಸುರಕ್ಷಿತ ಆಪರೇಷನ್. ಸಕ್ಕರೆ ಕಾಯಿಲೆ, ಬಿಪಿ, ಮೊಣಕಾಲು ನೋವು ಇಳಿದು ಹೊಸ ಜನ್ಮ ಪಡೆದವರನ್ನು ಕಂಡಿದ್ದೇನೆ. ಹೆದರಿಸಿ ಜನರನ್ನು ಇದರಿಂದ ದೂರ ಓಡಿಸಲು ಬರೆಯುತ್ತಿಲ್ಲ. ಆದರೆ ಆ ಪಿನ್ನಿನ ಸಾಲು ನೂರರಲ್ಲಿ ಒಬ್ಬಿಬ್ಬರಿಗೆ ಸೋರುತ್ತದೆ. ಹೆಚ್ಚಾಗಿ ಮೇಲ್ತುದಿಯಲ್ಲಿ, ಅನ್ನನಾಳ ಜಠರಕ್ಕೆ ಸೇರುವ ಜಾಗದ ಹತ್ತಿರ.

ಸೋರುವುದಾದರೆ ಮೊದಲ ದಿನವೇ ಸೋರಬೇಕಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಆ ಅಕ್ಕನ ಗಂಡ ಪ್ಲಾಸ್ಟಿಕ್ ಚೀಲದಿಂದ ಒಂದು ಫಿಲ್ಮ್ ತೆಗೆದು ತೋರಿಸಿದ್ದರು: “ಮರುದಿನಾನಽ ಡೈ ಕುಡಿಸಿ ನೋಡ್ಯಾರ್ರಿ, ಎಲ್ಲಾ ನಾರ್ಮಲ್ ಐತಿ ಅಂದಾರ.” ನಿಜ, ಅವತ್ತು ನಾರ್ಮಲ್ಲೇ ಇತ್ತು. ನಮ್ಮ ಓಣಿಗೆ ನೀರು ಬರುವುದು ಐದಾರು ದಿನಕ್ಕೊಮ್ಮೆ, ಹಾಗಾಗಿ ಈ ಲೆಕ್ಕ ನಮಗೆ ಚೆನ್ನಾಗಿ ಗೊತ್ತು. ಹೊಸ ಪೈಪು ಜೋಡಿಸಿದ ದಿನ ಒಂದು ಹನಿಯೂ ತೊಟ್ಟಿಕ್ಕುವುದಿಲ್ಲ. ವಾಲ್ವ್‌ಮನ್ ನಾಲ್ಕು ಸಲ ಜೋರಾಗಿ ನೀರು ಬಿಟ್ಟ ಮೇಲೆ, ಬಿಗಿ ಕಡಿಮೆಯಿದ್ದ ಜಾಯಿಂಟು ಬಾಯಿ ಬಿಡುತ್ತದೆ. ಸ್ಲೀವ್ ಕೊಳವೆಯ ಕೆಳಗಿನ ಬಾಗಿಲನ್ನು ಕತ್ತರಿಸುವುದಿಲ್ಲ, ಅದು ಮೊದಲಿನಂತೆಯೇ ಬಿಗಿಯಾಗಿರುತ್ತದೆ. ಮೇಲಿನ ಕೊಳವೆ ಮಾತ್ರ ಕಿರಿದಾಗಿದೆ. ಒಳಗೆ ಒತ್ತಡ ಏರುತ್ತದೆ. ಮೇಲ್ತುದಿಗೆ ರಕ್ತ ಪೂರೈಕೆ ತುಸು ಕಡಿಮೆಯಾದರೆ ಅಲ್ಲಿನ ಗೋಡೆ ಐದನೆಯ, ಎಂಟನೆಯ, ಹತ್ತನೆಯ ದಿನ ಸೋಲುತ್ತದೆ. ಅಷ್ಟು ಹೊತ್ತಿಗೆ ರೋಗಿ ಮನೆಯಲ್ಲಿರುತ್ತಾನೆ.

ಅದಕ್ಕೇ ಮೊದಲ ದಿನದ ಡೈ ಪರೀಕ್ಷೆಯನ್ನು ಎಲ್ಲರಿಗೂ ಮಾಡುವುದನ್ನು ಎಷ್ಟೋ ಸರ್ಜನ್‌ಗಳು ಬಿಟ್ಟಿದ್ದಾರೆ. ಮುಂದೆ ಆಗುವ ಸೋರಿಕೆಯನ್ನು ಅದು ಹಿಡಿಯಲಾರದು. ಮಾಡಿಸುವವರು ಮಾಡಿಸಲಿ, ತಕರಾರಿಲ್ಲ. ಆ ಫಿಲ್ಮನ್ನು ಗ್ಯಾರಂಟಿ ಕಾರ್ಡಿನಂತೆ ಕೊಟ್ಟು ಮನೆಗೆ ಕಳಿಸಬೇಡಿ, ಅಷ್ಟೇ.

ಇನ್ನು ನಾಡಿ. ದಪ್ಪ ಮೈಯವರ ಹೊಟ್ಟೆ ಮುಟ್ಟಿ ಒಳಗಿನ ಕೀವು ಕಂಡುಹಿಡಿಯುವುದು ಅನುಭವಿ ಕೈಗೂ ಕಷ್ಟ. ಜ್ವರ, ಹೊಟ್ಟೆ ಕಲ್ಲಾಗುವುದು ತಡವಾಗಿ ಬರುತ್ತವೆ, ಕೆಲವರಿಗೆ ಬರುವುದೇ ಇಲ್ಲ. ಎಲ್ಲಕ್ಕಿಂತ ಮೊದಲು ಓಡುವುದು ನಾಡಿ. ಸುಮ್ಮನೆ ಮಲಗಿದ್ದಾಗಲೂ ಅದು 120ರ ಮೇಲೆ ನಿಂತಿದ್ದರೆ ಬೇರೆ ಕಾರಣ ಸಿಗುವ ತನಕ ಸೋರಿಕೆ, ರಕ್ತಸ್ರಾವ ಅಥವಾ ಪುಪ್ಪುಸದಲ್ಲಿ ರಕ್ತದ ಗಡ್ಡೆ ಎಂದೇ ಎಣಿಸಬೇಕು ಎಂಬುದು ಸರ್ಜನ್‌ಗಳಿಗೆ ಗೊತ್ತಿರುವ ಮಾತು. ಇದು ತಾಲ್ಲೂಕು ಆಸ್ಪತ್ರೆಯ ನರ್ಸಿಗೂ, 108ರಲ್ಲಿ ಬರುವ ಹುಡುಗನಿಗೂ ಗೊತ್ತಾಗಬೇಕು. ನಾಡಿ ಎಣಿಸಲು ಯಾವ ಮಷೀನೂ ಬೇಕಿಲ್ಲ.

ಈಗ ಆ ಒಂದು ಸಾಲು ಯಾಕೆ ಬೇಕು ಅನ್ನುವುದಕ್ಕೆ ಬರುತ್ತೇನೆ. ಸಿಟಿ ಮಷೀನಿನೊಳಗೆ ಹಾಕಿದರೆ ಎಲ್ಲಾ ತಾನಾಗಿಯೇ ಕಾಣುತ್ತದೆ ಎಂದು ಜನ ನಂಬುತ್ತಾರೆ, ಡಾಕ್ಟರುಗಳಲ್ಲೂ ಕೆಲವರು ನಂಬುತ್ತಾರೆ. ನಾವು ಏನು ಹುಡುಕುತ್ತಿದ್ದೇವೆ ಎನ್ನುವುದರ ಮೇಲೆ ಹೇಗೆ ತೆಗೆಯಬೇಕು ಎನ್ನುವುದು ನಿಂತಿದೆ. ಪುಪ್ಪುಸದ ಗಡ್ಡೆ ಕಾಣಬೇಕಾದರೆ ಮೊಣಕೈ ಹತ್ತಿರ ದಪ್ಪ ಸೂಜಿ ಹಾಕಿ, ಡೈಯನ್ನು ಜೋರಾಗಿ ನೂಕಿ, ಅದು ಪುಪ್ಪುಸದ ನಾಳಕ್ಕೆ ತಲುಪಿದ ಕ್ಷಣವೇ ತೆಗೆಯಬೇಕು. ಇದು ಕೆಲವೇ ಸೆಕೆಂಡುಗಳ ಆಟ. ಹೊಟ್ಟೆಯ ಅಂಗಗಳು, ಯಕೃತ್ತಿಗೆ ಹೋಗುವ ದೊಡ್ಡ ಅಭಿಧಮನಿ ಚೆನ್ನಾಗಿ ಕಾಣಲು ಸುಮಾರು 70 ಸೆಕೆಂಡು ಕಾಯಬೇಕು. ಸ್ಲೀವ್ ಆದ ಕೆಲವರಿಗೆ ಆ ಅಭಿಧಮನಿಯಲ್ಲೇ ರಕ್ತ ಹೆಪ್ಪುಗಟ್ಟುತ್ತದೆ, ಹೊಟ್ಟೆನೋವು ಬಿಟ್ಟರೆ ಬೇರೆ ಸುಳಿವೂ ಇರುವುದಿಲ್ಲ. ಎಲ್ಲಿಂದಲೋ ರಕ್ತ ಚಿಮ್ಮುತ್ತಿದ್ದರೆ ಆ 70 ಸೆಕೆಂಡಿಗಿಂತ ಮುಂಚೆಯೇ ಇನ್ನೊಂದು ಸುತ್ತು ತೆಗೆಯಬೇಕು. “ಹೊಟ್ಟೆನೋವು” ಎಂದು ಬರೆದ ಚೀಟಿಗೆ ನಾನು ಒಂದೇ ಸುತ್ತು ತೆಗೆಯುತ್ತೇನೆ. “ಸ್ಲೀವ್ ಆಗಿ 9 ದಿನ, ನಾಡಿ 132, ಉಬ್ಬಸ” ಎಂದು ಬರೆದ ಚೀಟಿಗೆ ಎದೆಯಿಂದಲೇ ಶುರು ಮಾಡುತ್ತೇನೆ.

ಕುಡಿಸುವ ಡೈ ಕೂಡ ಹಾಗೆಯೇ. ಬೇರೆ ರೋಗಿಗಳಿಗೆ ಒಂದು ಲೀಟರ್ ಹತ್ತಿರ ನೀರಿಗೆ ಬೆರೆಸಿ ತಾಸಿನ ತನಕ ಕುಡಿಸುತ್ತೇವೆ. ಹೊಸದಾಗಿ ಸ್ಲೀವ್ ಆದವರ ಕೊಳವೆ ಹಿಡಿಯುವುದೇ ನೂರು, ನೂರೈವತ್ತು ಮಿಲಿ. ನನ್ನ ಶುರುವಿನ ವರ್ಷಗಳಲ್ಲಿ, ತಿಳಿಯದೆ, ಅಂಥವರೊಬ್ಬರಿಗೆ “ಕುಡೀರಿ, ಇನ್ನೂ ಅರ್ಧ ಬಾಟ್ಲಿ ಐತಿ” ಎಂದು ಒತ್ತಾಯ ಮಾಡಿದ್ದೆ. ಅವರು ವಾಂತಿ ಮಾಡಿಕೊಂಡರು. ಇವತ್ತಿಗೂ ನೆನೆದರೆ ಮೈ ಮುದುಡುತ್ತದೆ. ಟೇಬಲ್ ಏರುವ ಮೊದಲು ನಾಲ್ಕಾರು ಗುಟುಕು, 50 ಮಿಲಿಯಷ್ಟು ಸಾಕು. ಅದೂ ನೀರಿನಲ್ಲಿ ಕರಗುವ ಅಯೋಡಿನ್ ಡೈ ಆಗಬೇಕು. ಸೋರಿಕೆಯ ಸಂಶಯ ಇದ್ದಾಗ ಬೇರಿಯಂ ಕೊಡುವಂತಿಲ್ಲ, ಅದು ಹೊಟ್ಟೆಯೊಳಗೆ ಚೆಲ್ಲಿದರೆ ಸೋಂಕನ್ನು ಇನ್ನಷ್ಟು ಕೆಡಿಸುತ್ತದೆ. ಚೀಟಿಯಲ್ಲಿ ಆಪರೇಷನ್ನಿನ ಹೆಸರೇ ಇಲ್ಲದಿದ್ದರೆ ಇದೆಲ್ಲ ನಮಗೆ ಹೇಗೆ ಗೊತ್ತಾಗಬೇಕು? ರಾತ್ರಿ ರಿಪೋರ್ಟ್ ಬರೆಯುವ ರೇಡಿಯಾಲಜಿಸ್ಟ್ ಕೆಲವೊಮ್ಮೆ ಬೇರೆ ಊರಿನಲ್ಲಿ ಕಂಪ್ಯೂಟರ್ ಮುಂದೆ ಇರುತ್ತಾರೆ. ರೋಗಿಯ ಮುಖವನ್ನೂ ನೋಡದ ಅವರಿಗೆ ಚೀಟಿಯೇ ರೋಗಿ.

ಸೋನೋಗ್ರಫಿ ನಾರ್ಮಲ್ ಬಂದಿದೆ ಎಂದು ಸಮಾಧಾನ ಪಟ್ಟುಕೊಂಡು ಎರಡು ದಿನ ಕಳೆದವರನ್ನೂ ನೋಡಿದ್ದೇನೆ. ಕಾಲಿನ ನಾಳದಲ್ಲಿ ಗಡ್ಡೆ ಇದೆಯೇ ಎಂದು ನೋಡಲು, ಗಾಯದ ಕೆಳಗೆ ನೀರು ಕೂಡಿದೆಯೇ ಎನ್ನಲು ಅದು ಒಳ್ಳೆಯದು. ದಪ್ಪ ಕೊಬ್ಬಿನ ಪದರ, ಕರುಳಿನ ಗಾಳಿ ದಾಟಿ ಎಡ ವಪೆಯ ಕೆಳಗೆ ಇಣುಕುವ ಶಕ್ತಿ ಆ ಶಬ್ದದ ಅಲೆಗಿಲ್ಲ.

ತೂಕದ ವಿಷಯ ಹೇಳಲು ಸಂಕೋಚ, ಆದರೂ ಹೇಳಬೇಕು. ಪ್ರತಿ ಸಿಟಿ ಟೇಬಲ್ಲಿಗೂ ತೂಕದ ಮಿತಿ ಇದೆ. ಬಹಳಷ್ಟು ಮಷೀನುಗಳಲ್ಲಿ ಅದು 200 ಕಿಲೋ ಆಸುಪಾಸು, ಕೆಲವು ಹೊಸವುಗಳಲ್ಲಿ ಇನ್ನೂ ಹೆಚ್ಚು. ಸುತ್ತುವ ಬಳೆಯ ಅಗಲ ಸಾಮಾನ್ಯವಾಗಿ 70 ಸೆಂಟಿಮೀಟರ್. ತೂಕ ಮಿತಿಯೊಳಗಿದ್ದರೂ ಹೊಟ್ಟೆ ಬಳೆಯೊಳಗೆ ಹೋಗದೇ ಇರಬಹುದು. ಹಾವೇರಿ ಕಡೆಯ ಒಬ್ಬರನ್ನು ಮೂರು ಸೆಂಟರ್ ಸುತ್ತಿಸಿ ನಮ್ಮಲ್ಲಿಗೆ ಕರೆತಂದಿದ್ದರು. ತೂಕ ಎಷ್ಟು ಎಂದು ಕೇಳಿದರೆ ಮಗ ತಲೆ ತಗ್ಗಿಸಿ, “ಮನೀ ಕಾಟಾ ಮುಗೀತೈತ್ರಿ. ಬ್ಯಾಡಗಿ ಮಾರ್ಕೆಟ್ನ್ಯಾಗ ಮೆಣಸಿನಕಾಯಿ ಚೀಲ ತೂಗೂ ಕಾಟಾದ ಮ್ಯಾಲ ನಿಂದ್ರಿಸಿದ್ವಿ” ಅಂದ. ಅಪ್ಪ ನಗುತ್ತಲೇ ಇದ್ದರು, ಆ ನಗು ನೋಡಲಾಗಲಿಲ್ಲ. ಅರ್ಧ ರಾತ್ರಿಯಲ್ಲಿ ಮೂರು ಬಾಗಿಲು ತಟ್ಟುವ ಹೊತ್ತು ಸೋರಿಕೆಯಾದ ರೋಗಿಯ ಹತ್ತಿರ ಇರುವುದಿಲ್ಲ.

ನಮ್ಮ ಸೆಂಟರಿನ ಬಾಗಿಲಲ್ಲಿ “ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ” ಎಂಬ ಫಲಕ ಇದೆ. ಕಾನೂನು ಹೇಳಿದೆ, ನಿಮ್ಮ ಇಲಾಖೆಯವರು ಬಂದು ನೋಡುತ್ತಾರೆ, ಹಾಗಾಗಿ ಧೂಳು ಕೂಡ ಕೂರದಂತೆ ಇಟ್ಟಿದ್ದೇವೆ. ಅದರ ಪಕ್ಕ ಇನ್ನೊಂದು ಸಣ್ಣ ಫಲಕ ಹಾಕಿಸಲು ಏನು ಕಷ್ಟ? ಟೇಬಲ್ ಮಿತಿ ಇಷ್ಟು ಕಿಲೋ, ಬಳೆ ಇಷ್ಟು ಅಗಲ, ರಾತ್ರಿ ಡೈ ಸ್ಕ್ಯಾನ್ ಇದೆ ಅಥವಾ ಇಲ್ಲ. ಮೂರು ಜಿಲ್ಲೆಯ ಪಟ್ಟಿ ಮಾಡಿ 108ರವರಿಗೆ ಕೊಟ್ಟರೆ, ಗದಗದಿಂದ 60 ಕಿಲೋಮೀಟರ್ ಹತ್ತಿರ, ಹಾವೇರಿಯಿಂದ 70ರ ಮೇಲೆ ಬರುವ ಗಾಡಿ ನೇರವಾಗಿ ಸರಿಯಾದ ಬಾಗಿಲಿಗೆ ಬಂದು ನಿಲ್ಲುತ್ತದೆ. ಮುಂಡರಗಿ, ಹಿರೇಕೆರೂರಿನವರಿಗೆ ದಾರಿ ಇನ್ನೂ ಉದ್ದ.

ನಡುವೆ ಒಂದು ಮಾತು, ಸ್ಕ್ಯಾನಿಗೆ ಅರ್ಧ ಮಾತ್ರ ಸಂಬಂಧಿಸಿದ್ದು. ಆಪರೇಷನ್ ಆಗಿ ವಾರಗಟ್ಟಲೆ ವಾಂತಿಯಾಗುತ್ತಿರುವವರಿಗೆ ಸುಸ್ತು ಎಂದು ಮೊದಲು ಗ್ಲೂಕೋಸ್ ಬಾಟ್ಲಿ ಏರಿಸುವುದು ನಮ್ಮ ಕಡೆ ರೂಢಿ. ಅಂಥವರ ಮೈಯಲ್ಲಿ ಬಿ1 ಜೀವಸತ್ವ ಬರಿದಾಗಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟು ಬೀಳಬಹುದು. ಕಣ್ಣಿಗೆ ಒಂದು ಎರಡಾಗಿ ಕಾಣುವುದು, ನಡಿಗೆ ತೂರಾಡುವುದು, ಮಾತು ಗೊಂದಲವಾಗುವುದು ಕಂಡರೆ ಎಂಆರ್‌ಐಗೆ ಸರದಿ ಹಚ್ಚಿ ಕೂರಬೇಡಿ. ಮೊದಲು ಬಿ1 ಇಂಜೆಕ್ಷನ್, ಆಮೇಲೆ ಉಳಿದದ್ದು. ಎಂಆರ್‌ಐಯಲ್ಲಿ ಏನೂ ಕಾಣದೆಯೂ ಈ ರೋಗ ಇರಬಹುದು.

ಬೈಪಾಸ್ (ಹೃದಯದ್ದಲ್ಲ, ತೂಕ ಇಳಿಸುವ ಇನ್ನೊಂದು ಬಗೆಯ ಆಪರೇಷನ್) ಆದವರದ್ದು ಇನ್ನೊಂದು ಕಥೆ, ಚಿಕ್ಕದಾಗಿ ಹೇಳುತ್ತೇನೆ. ಕರುಳನ್ನು ಹೊಸದಾಗಿ ಜೋಡಿಸಿದಾಗ ಒಳಗೆ ಉಳಿಯುವ ಸಂದಿಯಲ್ಲಿ, ತೂಕ ಇಳಿದು ಒಳಗಿನ ಕೊಬ್ಬು ಕರಗಿದ ಮೇಲೆ, ಕರುಳು ನುಸುಳಿ ತಿರುಚಿಕೊಳ್ಳಬಹುದು. ಸಿಟಿಯಲ್ಲಿ ರಕ್ತನಾಳಗಳು ಹೊಳೆಯ ಸುಳಿಯಂತೆ ಸುತ್ತಿಕೊಂಡದ್ದು ಕಾಣುತ್ತದೆ. ಆದರೆ ನೋವು ಬಂದು ಹೋಗಿ ಮಾಡುತ್ತದೆ, ನೋವಿಲ್ಲದ ಹೊತ್ತಿನಲ್ಲಿ ತೆಗೆದ ಸ್ಕ್ಯಾನ್ ಸ್ವಚ್ಛವಾಗಿರಬಹುದು. ಬೈಪಾಸ್ ಆಗಿದೆ ಎಂದು ತಿಳಿದ ರೇಡಿಯಾಲಜಿಸ್ಟ್ ಆ ಸುಳಿಯನ್ನು ಹುಡುಕುತ್ತಾರೆ, ತಿಳಿಯದವರ ಕಣ್ಣು ಅಪೆಂಡಿಕ್ಸ್ ಕಡೆ ಹೋಗುತ್ತದೆ.

ಹಾಗೆಂದು ಎಲ್ಲರಿಗೂ ಸಿಟಿ ಮಾಡಿಸಿ ಎನ್ನುತ್ತಿಲ್ಲ. ಹೊಟ್ಟೆಯ ಒಂದು ಸಿಟಿಯಲ್ಲಿ ಮೈಗೆ ಬೀಳುವ ವಿಕಿರಣ, ನಿಸರ್ಗದಿಂದ ಮೂರ್ನಾಲ್ಕು ವರ್ಷಕ್ಕೆ ಬರುವಷ್ಟು. ದಪ್ಪ ಮೈಗೆ ಅದಕ್ಕಿಂತ ಹೆಚ್ಚೇ ಬೇಕಾಗುತ್ತದೆ. ಚೆನ್ನಾಗಿ ಓಡಾಡಿಕೊಂಡಿರುವವರಿಗೆ ಅದು ಬೇಡ. ಇನ್ನೊಂದು ಕಡೆ, ಬಿಪಿ ಕುಸಿದ ರೋಗಿಯನ್ನು ನಮ್ಮ ಕೋಣೆಗೆ ಕಳಿಸಲೇಬೇಡಿ. ಅವರು ಹೋಗಬೇಕಾದ್ದು ಆಪರೇಷನ್ ಥಿಯೇಟರಿಗೆ. ಸ್ಕ್ಯಾನ್ ನಾರ್ಮಲ್ ಬಂದರೂ ನಾಡಿ ಇಳಿಯದಿದ್ದರೆ, ದುರ್ಬೀನು ಹಾಕಿ ಹೊಟ್ಟೆಯೊಳಗೇ ನೋಡುವ ಸರ್ಜನ್‌ಗಳ ಬಗ್ಗೆ ನನಗೆ ಬಹಳ ಗೌರವ. ನನ್ನ ಮಷೀನು ತಪ್ಪುತ್ತದೆ, ಅದನ್ನು ನಾನೇ ಒಪ್ಪುತ್ತೇನೆ.

ಆಸ್ಪತ್ರೆಗಳ ಮುಖ್ಯಸ್ಥರೇ, ನಿಮ್ಮ ಪ್ಯಾಕೇಜ್ ಡಿಸ್ಚಾರ್ಜ್ ದಿನಕ್ಕೇ ಮುಗಿಯುತ್ತದೆ, ಸೋರಿಕೆಯ ದಿನಗಳು ಅಲ್ಲಿಂದಲೇ ಶುರುವಾಗುತ್ತವೆ. ಆಪರೇಷನ್ನಿಗೆ ಹೊಲ ಒತ್ತೆ ಇಟ್ಟವರು ಎರಡನೆಯ ವಾರ ಸಿಟಿಗೆ ರೊಕ್ಕವಿಲ್ಲದೆ ಪ್ಲೇನ್ ಬರೆಸಿಕೊಂಡು ಬರುತ್ತಾರೆ. ಮೊದಲ ಒಂದು ತಿಂಗಳ ತುರ್ತು ಸ್ಕ್ಯಾನನ್ನು ಪ್ಯಾಕೇಜಿನಲ್ಲೇ ಸೇರಿಸಿ. ಎಲ್ಲರಿಗೂ ಬೇಕಾಗುವುದಿಲ್ಲವಾದ್ದರಿಂದ ತಲೆಗೆ ಬೀಳುವ ಖರ್ಚು ದೊಡ್ಡದಲ್ಲ. ಇಂಗ್ಲಿಷಿನ ಡಿಸ್ಚಾರ್ಜ್ ಸಮ್ಮರಿ ಜೊತೆ, ಆಶಾ ಕಾರ್ಯಕರ್ತೆಯರು ಕೊಡಿಸುವ ತಾಯಿ ಕಾರ್ಡಿನಂಥ ಒಂದು ಕನ್ನಡದ ಕಾರ್ಡು ಕೊಡಿ. ಯಾವ ಆಪರೇಷನ್, ಯಾವ ದಿನ, ರಾತ್ರಿಯೂ ಎತ್ತುವ ಒಂದು ಫೋನ್ ನಂಬರು, ನಾಡಿ ಎಷ್ಟು ದಾಟಿದರೆ ಹೊರಡಬೇಕು. ಪರ್ಸಿನಲ್ಲಿ ಮಡಚಿ ಇಟ್ಟುಕೊಳ್ಳುವಂತಿರಲಿ. ಮನೆಯಲ್ಲಿ ಯಾರಿಗೂ ಹೇಳದವರು ಬಾಯಿ ಬಿಡದೆಯೇ ಡಾಕ್ಟರಿಗೆ ಅದನ್ನು ತೋರಿಸಬಹುದು. ಡಿಸ್ಚಾರ್ಜ್ ಮಾಡುವಾಗ ಐದು ನಿಮಿಷ ಕೂತು, “ಅತ್ತಿಗೆ ಹೇಳದಿದ್ದರ ಬಿಡ್ರಿ, ಡಾಕ್ಟರ್ ಮುಂದ ಮಾತ್ರ ಮುಚ್ಚಿಡಬ್ಯಾಡ್ರಿ” ಅನ್ನಿ.

ಆರೋಗ್ಯಾಧಿಕಾರಿಗಳೇ, ಖಾಸಗಿ ಆಸ್ಪತ್ರೆ, ಸ್ಕ್ಯಾನ್ ಸೆಂಟರುಗಳ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿಯ ಕಡತ ನಿಮ್ಮ ಕಚೇರಿಯಲ್ಲೇ ಓಡಾಡುತ್ತದೆ. ಚೀಟಿಗೆ ಈ ಸಾಲು ಬರಲಿ ಎಂದು ನೀವು ಹೇಳಿದರೆ ಅವರು ಕೇಳುತ್ತಾರೆ. 2022ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ ಏಷ್ಯಾದವರಿಗೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 27.5ರಿಂದಲೇ ಈ ಆಪರೇಷನ್ ಬಗ್ಗೆ ಯೋಚಿಸಬಹುದು ಎಂದಿದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಸುಮಾರು ಶೇ 30ರಷ್ಟು ಮಂದಿಯ ತೂಕ ಹೆಚ್ಚು. ಇಂಥ ಚೀಟಿಗಳು ಮುಂದೆ ಇನ್ನೂ ಬರುತ್ತವೆ.

ಸ್ಕ್ಯಾನ್ ಚೀಟಿಯ ಒಂದು ಮಾದರಿಯನ್ನು ನಾನೇ ತಯಾರಿಸಿದ್ದೇನೆ. ಅಚ್ಚಾದ ಚೀಟಿಯ ಕೆಳಗೆ ಒಂದೇ ಒಂದು ಸಾಲು ಹೆಚ್ಚಿಗೆ: “ಹಿಂದಿನ ಆಪರೇಷನ್, ಆದ ದಿನ, ಈಗಿನ ನಾಡಿ.” ಮೂರೂ ಜಿಲ್ಲೆಯ ಕಚೇರಿಗೆ ಒಂದೊಂದು ಪ್ರತಿ ಅಂಚೆಯಲ್ಲಿ ಹಾಕಿದ್ದೇನೆ. ಪದ ಸರಿಯಿಲ್ಲದಿದ್ದರೆ ತಿದ್ದಿ. ಕರೆದರೆ ಬರುತ್ತೇನೆ, ಹಗಲು ಹನ್ನೆರಡರ ಮೇಲೆ ಆದರೆ ಒಳ್ಳೆಯದು, ಅದಕ್ಕೆ ಮುಂಚೆ ರಾತ್ರಿ ಪಾಳಿ ಮುಗಿಸಿ ಮಲಗಿರುತ್ತೇನೆ.

ಇಂತಿ,
ಹುಬ್ಬಳ್ಳಿಯ ಒಬ್ಬ ಸಿಟಿ ಟೆಕ್ನಿಷಿಯನ್